ಸರಾಸರಿ ಎರಡು ಗ್ರಾಂ

ಬಂಗಾರ ಹುಡುಕಲು ಹೊಲವೊಂದರಲ್ಲಿ ಕೊರೆದು ತೆಗೆದ ಅರವತ್ತು ಕಲ್ಲಿನ ಮಾದರಿಗಳ ಫಲಿತಾಂಶ ಬಂದ ದಿನ ನೇಸರಗಿಯ ಬಾಡಿಗೆ ಆಫೀಸಿನಲ್ಲಿ ಕಂಪನಿಯ ಮ್ಯಾನೇಜರ್ ವೆಂಕಣ್ಣ ಪೇಢೆ ಹಂಚಿದರು. ಭೂವಿಜ್ಞಾನಿ ಸುಚೇತಾ ಪೇಢೆಯನ್ನು ಕೈಯಲ್ಲೇ ಹಿಡಿದುಕೊಂಡು ಪಟ್ಟಿಯನ್ನು ಎರಡು ಸಲ ಓದಿದಳು. ಐವತ್ತೊಂಬತ್ತರಲ್ಲಿ ಬಂಗಾರ ಹೆಸರಿಗೂ ಇಲ್ಲ. ಒಂದರಲ್ಲಿ ಮಾತ್ರ ಟನ್ನಿಗೆ ನೂರಾ ಇಪ್ಪತ್ತು ಗ್ರಾಂ.

“ಸರಾಸರಿ ಎರಡು ಗ್ರಾಂ!” ಎಂದರು ವೆಂಕಣ್ಣ. “ಗಣಿ ಮಾಡ್ಲಿಕ್ಕೆ ಇಷ್ಟು ಸಾಕು. ವರದಿಗೆ ಸಹಿ ಹಾಕ್ರಿ ಮೇಡಂ.”

“ಸರ್, ಆ ತುಂಡಿನ್ಯಾಗ ಬಂಗಾರದ ಕಾಳೊಂದು ಸಿಕ್ಕಿರಬೇಕು. ಅದನ್ನ ಬಿಟ್ರ ಉಳಿಯೋದು ಬರೇ ಕಲ್ಲು.”

“ಮನೀಗೆ ಬಂದ ಲಕ್ಷ್ಮೀನ್ನ ಯಾರರ ಬಿಡ್ತಾರೇನ್ರಿ?”

ಸುಚೇತಾ ಸಹಿ ಹಾಕಲಿಲ್ಲ. ಬಂಗಾರ ತೋರಿಸಿದ ಆ ಕಲ್ಲನ್ನು ಉದ್ದಕ್ಕೆ ಸೀಳಿ ಅರ್ಧವನ್ನಷ್ಟೇ ಪ್ರಯೋಗಾಲಯಕ್ಕೆ ಕಳಿಸಿದ್ದರು. ಪೆಟ್ಟಿಗೆಯಲ್ಲಿ ಉಳಿದಿದ್ದ ಅರ್ಧವನ್ನೂ ಅವಳು ಕಳಿಸಿದಳು. ವಾರದಲ್ಲಿ ಉತ್ತರ ಬಂತು: ಸೊನ್ನೆ. ಒಂದೇ ಕಲ್ಲು, ಒಂದು ಹೋಳು ಕುಬೇರ, ಇನ್ನೊಂದು ದಿವಾಳಿ. ವೆಂಕಣ್ಣ ಆ ಎರಡನೇ ಕಾಗದವನ್ನು ಬಹಳ ಮರ್ಯಾದೆಯಿಂದ ಮಡಚಿ ಡ್ರಾವರಿನ ತಳಕ್ಕೆ ಸೇರಿಸಿದರು. ಸುಚೇತಾಳನ್ನು ಸುಣ್ಣದ ಕಲ್ಲು ನೋಡಲು ರಾಮದುರ್ಗದ ಕಡೆ ವರ್ಗ ಮಾಡಿದರು. ಸುಣ್ಣದ ಕಲ್ಲು ಎಲ್ಲಿ ಒಡೆದರೂ ಸುಮಾರು ಒಂದೇ ತರ. ಅಲ್ಲಿ ಸರಾಸರಿಗೆ ಯಾರ ಕಾಟವೂ ಇಲ್ಲ.

ಹೊರಡುವ ಮುನ್ನ ಅವಳು ಹೊಲದೊಡತಿ ಮರೆವ್ವನಿಗೆ ಹೇಳಿಹೋಗಲು ಬಂದಳು. ನೋಡಿದರೆ ವೆಂಕಣ್ಣ ಆಗಲೇ ಬದುವಿನ ಮೇಲೆ ಕುಳಿತಿದ್ದಾರೆ. ಮೂರೆಕರೆ ಹೊಲವನ್ನು ಕಂಪನಿಗೆ ಬಿಟ್ಟುಕೊಡುವ ಕರಾರುಪತ್ರ ಮರೆವ್ವನ ಕೈಯಲ್ಲಿದೆ.

“ಬಾಯಾರ, ಖರೇ ಹೇಳ್ರಿ. ನನ್ನ ಹೊಲದಾಗ ಬಂಗಾರ ಐತೇನ್ರಿ?”

ಸುಚೇತಾ ವೆಂಕಣ್ಣನವರ ಮುಖ ನೋಡಿದಳು. ಬಾಯಿ ಬಿಟ್ಟರೆ ರಾಮದುರ್ಗವೂ ಕೈತಪ್ಪುತ್ತದೆಂದು ಗೊತ್ತಿತ್ತು. “ಒಂದು ಕಾಳು ಇತ್ತವ್ವಾ. ಪರೀಕ್ಷೆ ಮಾಡ್ಲಿಕ್ಕೆ ಅದನ್ನೂ ಅರದು ಕರಗಿಸಿಬಿಟ್ರು.”

ವೆಂಕಣ್ಣ ಜೋರಾಗಿ ನಕ್ಕರು. “ಸಣ್ಣಾಕಿ, ಲೆಕ್ಕ ತಿಳಿಯೋದಿಲ್ಲ. ಇಡೀ ಮೂರೆಕರೆ ಬಂಗಾರ ಅದ ಮರೆವ್ವಾ.”

“ಎಷ್ಟು ತೂತು ಕೊರದೀರಿ ಸಾಹೇಬ್ರ?”

“ಹನ್ನೆರಡು.”

“ಬಂಗಾರ ಸಿಕ್ಕಿದ್ದು ಎಷ್ಟರಾಗ?”

ವೆಂಕಣ್ಣ ಕೆಮ್ಮಿದರು. “ಒಂದರಾಗ.”

ಮರೆವ್ವ ಕಾಗದವನ್ನು ಅವರ ಮಡಿಲಿಗಿಟ್ಟು ಎದ್ದಳು. “ಹಂಗಾರ ಆ ತೂತು ಒಯ್ರಿ. ಹೊಲ ನಾ ಬಿತ್ತೋದೈತಿ.”