ಅರ್ಜಿ ಹಾಕಿದ ದಿನದವಳು

ಈ ಪರದೇಶದಲ್ಲಿ ಕಾಯಂ ವಾಸದ ಪತ್ರ ಕೈಗೆ ಬಂದ ಮೂರನೇ ವಾರ, ಅವ್ವನನ್ನು ನೋಡಲು ನಾನು ಧಾರವಾಡಕ್ಕೆ ಹೊರಟೆ. ಹೊಸದಾಗಿ ಪತ್ರ ಪಡೆದವರು ದೇಶ ಬಿಟ್ಟು ಹೋದರೆ, ಬರುವತನಕ ಅರ್ಜಿಯ ದಿನ ವಲಸೆ ಕಚೇರಿ ತೆಗೆದಿಟ್ಟುಕೊಂಡ ಅವರದೇ ಪ್ರತಿರೂಪ ಬದಲಿಯಾಗಿ ಮನೆಯಲ್ಲಿರಬೇಕು ಎಂಬುದು ಇಲ್ಲಿಯ ನಿಯಮ. ಬೆಳಿಗ್ಗೆ ಎಂಟಕ್ಕೆ ಕಚೇರಿಯವರು ನನ್ನ ಬದಲಿಯನ್ನು ತಂದು ಬಿಟ್ಟರು. ಆರು ವರ್ಷದ ಹಿಂದೆ, ಅರ್ಜಿ ಹಾಕಿದ ದಿನ ನಾನು ಹೇಗಿದ್ದೆನೋ ಹಾಗೆಯೇ ಇದ್ದಳು.

ನನ್ನ ಗಂಡ ಗುರುಪಾದ ಸಹಿ ಮಾಡಿ ಅವಳನ್ನು ಒಳಗೆ ಕರೆದುಕೊಂಡರು. ನಾನು ಕೋಣೆಯಲ್ಲಿ ಸೂಟ್‌ಕೇಸ್ ಮುಚ್ಚುತ್ತಿದ್ದಾಗ ಅಡುಗೆಮನೆಯಿಂದ ಗಂಡನ ನಗು ಕೇಳಿಸಿತು. ಎರಡು ವರ್ಷದಿಂದ ನಮ್ಮ ನಡುವೆ ಇದ್ದದ್ದು ಬಾಡಿಗೆ ಮತ್ತು ಕಸದ ಗಾಡಿ ಬರುವ ದಿನದ ಮಾತು ಮಾತ್ರ.

ಹೋಗಿ ನೋಡಿದೆ. ಒಂದೇ ಕಪ್ಪಿನ ಚಹಾ ಇಬ್ಬರಿಗೆ: ಅವರ ಕೈಯಲ್ಲಿ ಕಪ್ಪು, ಅವಳ ಕೈಯಲ್ಲಿ ಬಸಿತಟ್ಟೆ. ಮೊದಲು ನಾವೂ ಹಾಗೇ ಕುಡಿಯುತ್ತಿದ್ದೆವು. ಯಾವಾಗ ಎರಡು ಕಪ್ಪಾಯಿತೋ ನೆನಪಿಲ್ಲ.

“ಹೊಟ್ಟಿ ಬಂದೈತಲ್ರೀ ನಿಮಗ!” ಎಂದಳು ಅವಳು.

“ನೀ ಇಲ್ಲದಾಗ ಬಂತು,” ಎಂದರು.

ನನ್ನದೇ ಮುಖದ ಮೇಲೆ ನನಗೆ ಮತ್ಸರ ಹುಟ್ಟಿತು.

ನನ್ನನ್ನು ಕಂಡು ಅವರು ಗಂಟಲು ಸರಿಮಾಡಿಕೊಂಡರು. “ಎರಡ ವಾರ ಸಾಕೇನು? ಇನ್ನೊಂದ ವಾರ ಇದ್ದು ಬಾ. ನಿಮ್ಮವ್ವಗೂ ಖುಷಿ ಆಗ್ತೈತಿ.”

ಅವಳು ನನ್ನ ಮುಖ ನೋಡಿ, “ಅಕಿಗೆ ಸಿಟ್ಟು ಬಂದೈತಿ,” ಎಂದಳು.

“ಯಾಕಂತ?” ಅವರು ಕೇಳಿದ್ದು ಅವಳನ್ನು.

ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ನಾನು ಕುರ್ಚಿ ಎಳೆದು ಅವರಿಬ್ಬರ ನಡುವೆ ಕೂತೆ.

“ಅಕಿನ್ನ ಯಾಕ ಕೇಳ್ತೀರಿ?” ಎಂದೆ. “ನನ್ನ ಕೇಳ್ರಿ.”