ಭರಮ್ಯಾನಿಗೆ ಇಬ್ಬರು ಬೇಕಿತ್ತು

ಕಂಪ್ಯೂಟರಿನೊಳಗೇ ಹುಟ್ಟಿ ಕಬಡ್ಡಿ ಆಡಿದವರಿಗೆ ಕೀರ್ತಿಭವನದಲ್ಲಿ ಜಾಗ ಸಿಗಬೇಕಾದರೆ, ಅವರ ಆಟ ಕಂಡ ಇಬ್ಬರು ಬಂದು ಸಾಕ್ಷಿ ಹೇಳಬೇಕಿತ್ತು. ಇಲ್ಲದಿದ್ದರೆ ಆ ಆಟಗಾರರನ್ನೇ ಅಳಿಸಿಬಿಡುತ್ತಿದ್ದರು. ಅಂಥ ಒಬ್ಬ ಆಟಗಾರ ಭರಮ್ಯಾನ ಪರವಾಗಿ ಸಿದ್ರಾಮಪ್ಪ ಒಬ್ಬನೇ ಬಂದಿದ್ದ. ಜೊತೆಗೆ ಕೂತು ಆಟ ನೋಡುತ್ತಿದ್ದ ಗೆಳೆಯ ಹುಸೇನಸಾಬ ಹೋದ ತಿಂಗಳು ಮಣ್ಣು ಸೇರಿದ್ದ.

“ಇನ್ನೊಬ್ರು ಯಾರ್ರೀ ಅಜ್ಜಾರ?” ಎಂದಳು ಅಧಿಕಾರಿ ಹೆಂಗಸು.

“ಹುಸೇನಿ ನೋಡ್ಯಾನವ್ವಾ. ಇವನ ಆಟದ ಸಲುವಾಗಿ ಇಬ್ರೂ ಮನಿಗೆ ಹೋಗೋ ದಾರಿತುಂಬ ಜಗಳಾಡೀವಿ.”

“ಸತ್ತವರದು ನಡೆಯಂಗಿಲ್ರಿ.”

ಪರದೆಯ ಮೇಲೆ ಭರಮ್ಯಾ ನಕ್ಕ. “ಹೋಗ್ಲಿ ಬಿಡು ಕಾಕಾ. ನಾ ಸೋತಾಗೆಲ್ಲ ಹುಸೇನಿ ಕಾಕಾ ಹೆಂಗ ಒದರ್ತಿದ್ದ ಗೊತ್ತೈತಲ್ಲ?” ಎಂದವನೇ, ಸತ್ತವನದೇ ದನಿಯಲ್ಲಿ ಕೂಗಿದ: “ಏ ಮಂಗ್ಯಾ, ಉಂಡಿಲ್ಲೇನಲೇ?”

ಅವಳು ಅಳಿಸುವ ಗುಂಡಿಯತ್ತ ಬೆರಳು ಚಾಚಿದಳು. ಸಿದ್ರಾಮಪ್ಪ ಆ ಕೈ ಹಿಡಿದುಕೊಂಡ.

“ತಡಿಯವ್ವಾ... ಭರಮ್ಯಾ, ಇನ್ನೊಂದ್ಸಲ ಅವನಂಗ ಒದರೋ.”