ಮೇಲೆ ಅಂಟಿಸುವ ಔಷಧಿ

ಈ ಬರಹದಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ಆಗ ನಾನು ಮೂರನೆಯ ತರಗತಿಯಲ್ಲಿದ್ದೆ, ಎಲ್ಲವೂ ಕ್ರಮವಾಗಿ ನೆನಪಿಲ್ಲ. ಈಗ ವಿಜಯನಗರದ ಮೆಟ್ರೊದಲ್ಲಿ ಪಕ್ಕದ ಮಹಿಳೆಯ ಕುತ್ತಿಗೆಯಿಂದ ನೋವಿಗೆ ಅಂಟಿಸುವ ಪಟ್ಟಿಯ ಕರ್ಪೂರದಂಥ ಘಾಟು ಬರುತ್ತಿದೆ; ಅದೇ ಆ ದಿನವನ್ನು ನೆನಪಿಗೆ ತಂದಿತು.

ಅಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಒಂದು ರಜೆಯ ಮಧ್ಯಾಹ್ನ ಕುಂಟೆಬಿಲ್ಲೆ ಆಡುವಾಗ ನನ್ನ ಕಾಲು ಉಳುಕಿತು. ಅಮ್ಮ ತನ್ನ ಬೆನ್ನಿಗೆಂದು ಉಳಿಸಿಕೊಂಡಿದ್ದ ಕೊನೆಯ ಪಟ್ಟಿಯ ಹಾಳೆ ಸುಲಿದು ನನ್ನ ಕಾಲಿಗೆ ಅಂಟಿಸಿದಳು. ಅದು ಮೊದಲು ತಣ್ಣಗಿತ್ತು. ನೋವು ಬೇಗ ಇಳಿಯಲೆಂದು ಅಜ್ಜಿ ತವೆಯ ಮೇಲೆ ಬಟ್ಟೆ ಬಿಸಿ ಮಾಡಿ, ಪಟ್ಟಿಯ ಮೇಲೆಯೇ ಶಾಖ ಕೊಡತೊಡಗಿದಳು.

“ಉರೀತಿದೆ ಅಜ್ಜೀ!”

“ಉರಿದ್ರೇನೇ ನೋವು ಬಿಡೋದು ಕಣೇ. ನಿಮ್ಮಮ್ಮ ತನಗಿಲ್ದೆ ನಿನಗೆ ಹಾಕಿದಾಳೆ, ಮಹಾರಾಣಿ ಥರ ಆಡ್ಬೇಡ. ಹೊಟ್ಟೆಗೆ ಕೊಟ್ಟಿದೀವಾ? ಮೇಲೆ ಅಂಟಿಸಿರೋದು ತಾನೆ.”

ಸಂಜೆ ಪಟ್ಟಿ ಕಿತ್ತಾಗ ಅದರ ಅಳತೆಗೆ ಸರಿಯಾಗಿ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು. ಅಮ್ಮ ನನ್ನನ್ನು ಎತ್ತಿಕೊಂಡೇ ಕ್ಲಿನಿಕ್ಕಿಗೆ ಓಡಿದಳು.

“ಇದು ದೊಡ್ಡೋರಿಗೆ ಕಣಮ್ಮ,” ಎಂದರು ಡಾಕ್ಟರು. “ಮಕ್ಕಳ ಚರ್ಮ ತೆಳು, ಔಷಧಿ ಒಳಗೆ ಇಳಿಯುತ್ತೆ. ಶಾಖ ಕೊಟ್ರೆ ಇನ್ನೂ ಜಾಸ್ತಿ ಇಳಿಯುತ್ತೆ.”

“ಮೇಲೆ ಅಂಟಿಸೋದು ತಾನೆ ಅಂದ್ಕೊಂಡೆ ಸಾರ್,” ಎಂದಳು ಅಮ್ಮ, ಒಂದು ಕೈಯಲ್ಲಿ ತನ್ನ ಬೆನ್ನು ಹಿಡಿದುಕೊಂಡು.

ಅಂದಿನಿಂದ ನಮ್ಮ ಮನೆಯಲ್ಲಿ ಡಾಕ್ಟರನ್ನು ಕೇಳದೆ ಮಕ್ಕಳ ಮೈಗೆ ಮುಲಾಮನ್ನೂ ಹಚ್ಚಲಿಲ್ಲ. ಅಮ್ಮ ನೋವಿನ ಪಟ್ಟಿಗಳನ್ನು ಮನೆಗೆ ತರುವುದನ್ನೇ ಬಿಟ್ಟಳು. ಬೆನ್ನುನೋವು ಮಾತ್ರ ದಿನವೂ ಅವಳೊಂದಿಗೆ ಮನೆಗೆ ಬರುತ್ತಿತ್ತು.